ಕಾವುಪಟ್ಟಿ ಕಲಿತ ಏಳನೆಯ ಮೈ

ಹಿರೇಗೋಳ ಎಂಬ ಊರಿಗೆ ತಂಪು ಬಂದ ಮೂರನೆಯ ಬೇಸಿಗೆಯಲ್ಲಿ ನಡೆದ ಸಂಗತಿ ಇದು. ವಿಜಯಪುರದ ಸೀಮೆಯಲ್ಲಿ ಇದನ್ನು ಹೇಳುವವರು ಹಲವರಿದ್ದಾರೆ; ಹೇಳುವ ಬಗೆ ಒಬ್ಬೊಬ್ಬರದು ಒಂದೊಂದು. ಆದರೆ ಎಲ್ಲರೂ ಹುಲ್ಲಿನಿಂದಲೇ ಆರಂಭಿಸುತ್ತಾರೆ, ಏಕೆಂದರೆ ಹುಲ್ಲನ್ನು ಅರಿಯದವರಿಗೆ ಈರವ್ವ ಮಾಡಿದ ತಪ್ಪು ಅರ್ಥವಾಗುವುದಿಲ್ಲ.

ಆ ಹುಲ್ಲಿಗೆ ತಂಪುಹುಲ್ಲು ಎಂದು ಹೆಸರು. ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಹುಟ್ಟಿಸಿದ ತಳಿ. ಊರಿನವರು ಬಳಸಿ ಬಿಟ್ಟ ನೀರನ್ನು ಸೋಸಿ ನೆಲದಡಿಯ ಕೊಳವೆಗಳಲ್ಲಿ ಹರಿಸಿದರೆ ಅದರ ಬೇರು ಆ ನೀರನ್ನು ಹೀರಿಕೊಂಡು ಎಸಳಿನ ತುದಿಯಿಂದ ಆವಿಯಾಗಿ ಬಿಡುತ್ತಿತ್ತು. ಆವಿಯಾಗುವ ನೀರು ಸುತ್ತಲಿನ ಕಾವನ್ನು ಹೊತ್ತೊಯ್ಯುತ್ತದೆಂಬುದು ಮಣ್ಣಿನ ಹೂಜಿಯಲ್ಲಿ ನೀರಿಟ್ಟ ಯಾರಿಗಾದರೂ ಗೊತ್ತು. ರಸ್ತೆಗಳ ನಡುವೆ, ಮನೆಗಳ ಮುಂದೆ, ಕೆರೆಯ ಏರಿಯ ಇಳಿಜಾರಿನಲ್ಲಿ ಈ ಹುಲ್ಲನ್ನು ಹಾಸಿದ ಮೇಲೆ, ನಲವತ್ತಾರು ಡಿಗ್ರಿ ಸುಡಬೇಕಾದ ಮಧ್ಯಾಹ್ನ ನಲವತ್ತೆರಡಕ್ಕೆ ಇಳಿಯಿತು. ಊರಿನ ಮುದುಕರು ಹಗಲಿನಲ್ಲಿ ನಿದ್ದೆ ಮಾಡತೊಡಗಿದರು.

ಆದರೆ ಹೊಸದಾಗಿ ಕತ್ತರಿಸಿದ ತುದಿಯಿಂದ ಮಾತ್ರ ಆವಿ ಧಾರಾಳವಾಗಿ ಏಳುತ್ತಿತ್ತು. ನಾಲ್ಕು ತಾಸು ಕಳೆದರೆ ತುದಿಯ ಮೇಲೆ ಮೇಣದಂಥ ಪೊರೆ ಕಟ್ಟುತ್ತಿತ್ತು. ಹೀಗಾಗಿ ಹುಲ್ಲನ್ನು ಕತ್ತರಿಸಬೇಕಾದದ್ದು ಬಿಸಿಲಿನ ನಡುಹೊತ್ತಿನಲ್ಲಿ, ಹನ್ನೊಂದರಿಂದ ಮೂರರವರೆಗೆ. ತಾವೇ ನಡೆಯುವ ಯಂತ್ರಗಳನ್ನು ಆರಂಭದಲ್ಲಿ ಎರಡು ವಾರ ಬಿಟ್ಟು ನೋಡಿದರು. ಏರಿಯ ಇಳಿಜಾರಿನಲ್ಲಿ ಉರುಳಿ ಅವು ಕೆಟ್ಟವು. ಕೊನೆಗೆ ಮನುಷ್ಯರೇ ಗಾಲಿಯ ಮೇಲೆ ತಳ್ಳುವ ಹುಲ್ಲುಕತ್ತರಿ ಮಷೀನು ಹಿಡಿಯಬೇಕಾಯಿತು. ಅವರನ್ನು ಊರು ಹುಲ್ಲಿನವರು ಎಂದು ಕರೆಯಿತು. ಊರಿಗೆ ತಂಪು ತಂದ ತೇವವೇ ಹುಲ್ಲಿನವರ ಎದೆಮಟ್ಟಕ್ಕೆ ಕವಿದು ನಿಲ್ಲುತ್ತಿತ್ತು. ಆ ತೇವದಲ್ಲಿ ಬೆವರು ಆರುವುದಿಲ್ಲ. ಬೆವರು ಆರದ ಮೈ ತನ್ನೊಳಗಿನ ಕಾವನ್ನು ಹೊರಗೆ ಹಾಕಲಾರದು. ಮೊದಲ ಬೇಸಿಗೆಯಲ್ಲಿ ಮೂವರು ಸತ್ತರು. ಅದಾದ ಮೇಲೆ ಕಾವುಪಟ್ಟಿ ಬಂತು.

ಕಾವುಪಟ್ಟಿಯೆಂದರೆ ತೋಳಿಗೆ ಕಟ್ಟುವ ಎರಡು ಬೆರಳಗಲದ ಪಟ್ಟಿ. ನಾಡಿ, ಬೆವರು, ಚರ್ಮದ ಬಿಸಿ ಈ ಮೂರನ್ನೂ ಅದು ಅಳೆಯುತ್ತಿತ್ತು. ಪ್ರತಿ ಬೇಸಿಗೆಯ ಮೊದಲ ಇಪ್ಪತ್ತೊಂದು ದಿನ ಸುಮ್ಮನೆ ಅಳೆದು, ಧರಿಸಿದವರ ಮೈ ಎಷ್ಟು ಕಾವು ತಾಳಬಲ್ಲದೆಂದು ಕಲಿಯುತ್ತಿತ್ತು. ಬಳಿಕ ಕಾಯುತ್ತಿತ್ತು. ಪಟ್ಟಿಯ ಮೇಲಿನ ಮಣಿಯಷ್ಟು ದೀಪ ಹಸಿರಾಗಿದ್ದರೆ ಕ್ಷೇಮ, ಹಳದಿಯಾದರೆ ನೆರಳಿಗೆ ಸರಿಯಬೇಕು, ಕೆಂಪಾದರೆ ಕೈಯಲ್ಲಿರುವ ಮಷೀನು ತಾನೇ ನಿಲ್ಲುತ್ತಿತ್ತು. ಪಟ್ಟಿ ತೋಳಿನಲ್ಲಿಲ್ಲದಿದ್ದರೆ ಮಷೀನು ಹೊರಡುತ್ತಲೇ ಇರಲಿಲ್ಲ; ನಡುವೆ ಕಳಚಿದರೂ ಅಲಗು ನಿಲ್ಲುತ್ತಿತ್ತು. ಅದು ಬಂದ ಮೇಲೆ ಒಂದು ಇಡೀ ಬೇಸಿಗೆ ಯಾರೂ ಸಾಯಲಿಲ್ಲ.

ಏಳನೆಯ ವಾರ್ಡಿನ ತಂಡದಲ್ಲಿ ಆರು ಜನ ಹೆಂಗಸರು. ಹಿರಿಯಾಳು ಈರವ್ವ, ನಲವತ್ತೆಂಟರ ಪ್ರಾಯ. ಕೆಲಸಕ್ಕೆ ಮುನ್ನ ಆಕೆ ಹುಲ್ಲಿನಲ್ಲಿ ಬರಿಗಾಲಿನಿಂದ ಒಂದು ಸುತ್ತು ನಡೆಯುತ್ತಿದ್ದಳು. ಕಣ್ಣಿಗೆ ಕಾಣದ ಕಲ್ಲು, ತಂತಿಯ ತುಂಡು, ಬಾಟಲಿಯ ಚೂರು ಅಂಗಾಲಿಗೆ ಸಿಗುತ್ತಿದ್ದವು. ಮಷೀನಿನ ಅಲಗಿಗೆ ಸಿಕ್ಕ ಹುಣಸೆ ಬೀಜದಷ್ಟು ಕಲ್ಲೂ ಗುಂಡಿನಂತೆ ಹಾರಿ ಕಣ್ಣು ತೆಗೆಯಬಲ್ಲದು. ಆ ಸುತ್ತು ಮುಗಿದ ಮೇಲೆಯೇ ಎಲ್ಲರೂ ದಪ್ಪ ಕನ್ನಡಕ, ಕಿವಿಗೆ ಬಿರಡೆ, ಮೊಣಕಾಲ ಕಾಪು, ಬೂಟು ಹಾಕಿಕೊಳ್ಳಬೇಕು. ಒಬ್ಬರಿಗೊಬ್ಬರು ಹದಿನೈದು ಹೆಜ್ಜೆ ದೂರ ನಿಲ್ಲಬೇಕು. ಅಲಗಿಗೆ ಹುಲ್ಲು ಸಿಕ್ಕಿಕೊಂಡರೆ ಬ್ಯಾಟರಿ ಕಳಚಿಯೇ ಕೈ ಹಾಕಬೇಕು. ಈರವ್ವನ ತಂಡದಲ್ಲಿ ಯಾರದೂ ಒಂದು ಬೆರಳೂ ಹೋಗಿರಲಿಲ್ಲ. ಆಕೆಗೆ ಅದರ ಹೆಮ್ಮೆಯಿತ್ತು.

ಆಕೆಯ ಚಿಂತೆಯೆಲ್ಲ ಮಲ್ಲವ್ವನದು. ಮಲ್ಲವ್ವ ಈರವ್ವನ ಮೈದುನನ ಹೆಂಡತಿ. ಒಂದೇ ಮನೆಯಲ್ಲಿ ಎರಡು ಒಲೆ ಹೂಡಿಕೊಂಡು ಬಾಳುತ್ತಿದ್ದರು. ನಾಲ್ಕು ವರ್ಷದ ಹಿಂದೆ ಕಲ್ಲಿನ ಕ್ವಾರಿಯಲ್ಲಿ ಮಲ್ಲವ್ವನಿಗೆ ಝಳ ಬಡಿದಿತ್ತು. ಒಮ್ಮೆ ಹಾಗೆ ಬಡಿಸಿಕೊಂಡ ಮೈ ಮತ್ತೆ ಮೊದಲಿನಂತೆ ಬಿಸಿಲು ತಾಳದೆಂದು ವೈದ್ಯರು ಹೇಳಿ, ಆಕೆಯ ಮೈ ತಾಳುವ ಮಿತಿಯನ್ನು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಈಗ ಕ್ವಾರಿಯೂ ಮುಚ್ಚಿತ್ತು. ಹೆಂಗಸರಿಗೆ ಬೇಸಿಗೆಯಲ್ಲಿ ಹುಲ್ಲನ್ನು ಬಿಟ್ಟರೆ ಬೇರೆ ದುಡಿಮೆ ಇರಲಿಲ್ಲ. ಈ ಬೇಸಿಗೆಯಿಂದ ಇಲಾಖೆ ಒಬ್ಬೊಬ್ಬರಿಗೂ ದಿನಕ್ಕೆ ಒಂದೇ ಅಳತೆಯ ಹುಲ್ಲಿನ ಪಾಲು ಗೊತ್ತುಮಾಡಿತ್ತು; ಒಬ್ಬರ ಪಾಲನ್ನು ಇನ್ನೊಬ್ಬರು ಮುಗಿಸುವಂತಿರಲಿಲ್ಲ.

ಆ ಬೇಸಿಗೆಯ ಪಟ್ಟಿಗಳನ್ನು ಹಂಚಿದ ದಿನ ಆರೂ ಜನ ಈರವ್ವನ ಪಡಸಾಲೆಯಲ್ಲಿ ಕುಳಿತರು.

“ಹೋದ ವರ್ಷದಂಗ ಮಲ್ಲವ್ವಂದು ಹನ್ನೆರಡಕ್ಕ ಕೆಂಪಾಗ್ತೈತಿ,” ಎಂದಳು ಈರವ್ವ. “ಹತ್ತು ದಿನ ಬಿಡದಂಗ ಪಾಲು ಅರ್ಧಕ್ಕ ನಿಂತ್ರ ಆಕೀ ಪರವಾನಗಿ ತಗೀತಾರ.”

“ನನ್ನ ಸಲುವಾಗಿ ಯಾರೂ ತಲಿ ಕೆಡಿಸ್ಕೋಬ್ಯಾಡ್ರಿ,” ಎಂದು ಮಲ್ಲವ್ವ ತಲೆ ತಗ್ಗಿಸಿದಳು.

ಹುಸೇನಬಿ ನಕ್ಕಳು. ತಂಡದಲ್ಲಿ ಎಲ್ಲರಿಗಿಂತ ಗಟ್ಟಿಮುಟ್ಟಾದವಳು ಆಕೆ. ತಲೆಯ ಮೇಲೆ ಮಷೀನು ಹೊತ್ತು ಏರಿ ಹತ್ತುವವಳು. “ಮುಯ್ಯಿ ಹಾಕೂಣು ಬಿಡ್ರಿ. ನಿನ್ನ ಹೊಲಕ್ಕ ನಾ ಬಂದೆ, ನನ್ನ ಹೊಲಕ್ಕ ನೀ ಬಂದಿ. ಈಗ ಪಟ್ಟಿ ಕಲಿಯೂ ಇಪ್ಪತ್ತೊಂದು ದಿನ ಇಕೀದು ಆಕೀಗೆ, ಆಕೀದು ಇಕೀಗೆ ಕಟ್ಟೂಣು. ನನ್ನ ಮೈಯಾಗ ಎಮ್ಮೀ ಶಕ್ತಿ ಐತಿ, ಒಂದೀಟು ಮಲ್ಲವ್ವಗ ಹೋದ್ರ ಹೋಗ್ಲಿ.”

“ಎಮ್ಮೀದು ಶಕ್ತಿ ಒಂದ ಏನು, ಬುದ್ಧೀನೂ ನಿನಗ ಬಂದೈತಿ,” ಎಂದು ಯಾರೋ ಕಾಲೆಳೆದರು. ಎಲ್ಲರೂ ನಕ್ಕರು. ಈರವ್ವನೂ ನಕ್ಕಳು.

ಹೊಲಗೆಲಸದಲ್ಲಿ ಒಬ್ಬರಿಗೊಬ್ಬರು ಆಳಾಗಿ ದುಡಿದು ತೀರಿಸುವ ಮುಯ್ಯಾಳಿನ ಪದ್ಧತಿ ಅವರಿಗೆ ಹೊಸದಲ್ಲ. ಬಾಣಂತಿಯ ಸಾಲನ್ನು ಉಳಿದವರು ಕಳೆದು ಕೊಡುವುದು, ಜ್ವರ ಬಂದವಳ ಕುಡುಗೋಲನ್ನು ಇನ್ನೊಬ್ಬಳು ಹಿಡಿಯುವುದು, ಇವನ್ನು ಅವರು ಉಪಕಾರವೆಂದು ಎಣಿಸಿದವರಲ್ಲ. ಕೆಲಸವೆಂದರೆ ಹಾಗೆಯೇ ಎಂದು ಬಲ್ಲವರು. ಅದೇ ರೀತಿಯಲ್ಲಿ, ಪ್ರತಿ ಬೆಳಗ್ಗೆ ಶೆಡ್ಡಿನಲ್ಲಿ ಪಟ್ಟಿಗಳನ್ನು ಸರದಿಯಂತೆ ಬದಲಿಸಿ ಕಟ್ಟಿಕೊಂಡರು. ಇಪ್ಪತ್ತೆರಡನೆಯ ದಿನ ಅವರವರ ಪಟ್ಟಿ ಅವರವರ ತೋಳಿಗೆ ಬಂತು. ಆದರೆ ಅಷ್ಟರಲ್ಲಿ ಆರು ಪಟ್ಟಿಗಳೂ ಆರು ಮೈಗಳನ್ನು ಕಲಿಯದೆ, ಆರನ್ನೂ ಬೆರೆಸಿದ ಏಳನೆಯದೊಂದು ಮೈಯನ್ನು ಕಲಿತಿದ್ದವು. ಅಂಥ ಮೈಯ ಹೆಂಗಸು ಹಿರೇಗೋಳದಲ್ಲಿ ಎಲ್ಲಿಯೂ ಇರಲಿಲ್ಲ.

ನೀರಿನ ಗೋಪುರದ ಕೆಳಗಿನ ನಿಯಂತ್ರಣ ಕೊಠಡಿಯಲ್ಲಿ ತೌಫೀಕ್ ನದಾಫ್ ಎಂಬ ಇಂಜಿನಿಯರು ನಲವತ್ತು ತಂಡಗಳನ್ನು ನೋಡಿಕೊಳ್ಳುತ್ತಿದ್ದ. ಗೋಡೆಯಗಲದ ಪರದೆಯಲ್ಲಿ ಪ್ರತಿ ಹುಲ್ಲಿನವರ ಕಾವು ಒಂದೊಂದು ಗೆರೆಯಾಗಿ ಏರುತ್ತ ಇಳಿಯುತ್ತ ಹೋಗುತ್ತಿತ್ತು. ಗೆರೆಯ ಮೇಲೆ ಅವರವರ ಮಿತಿ. ಬೇರೆ ತಂಡಗಳಲ್ಲಿ ಮಿತಿಗಳು ಏಣಿಯ ಮೆಟ್ಟಿಲಿನಂತೆ ಒಂದರ ಮೇಲೊಂದಿದ್ದವು. ಏಳನೆಯ ವಾರ್ಡಿನ ಆರೂ ಮಿತಿಗಳು ಒಂದೇ ಎತ್ತರದಲ್ಲಿದ್ದವು. ಮೂರು ದಿನ ನೋಡಿ, ನಾಲ್ಕನೆಯ ದಿನ ಈರವ್ವನನ್ನು ಕರೆಸಿದ.

“ಅಕ್ಕಾರ, ಇದು ಹೆಂಗಂದ್ರ, ಒಂದ ಅಳತಿಯ ಕುಪ್ಪಸ ಹೊಲಿಸಿ ಆರು ಮಂದಿಗೆ ತೊಡಿಸಿದಂಗ ಐತ್ರಿ. ಅವಳಿ-ಜವಳಿ ಆದ್ರೂ ಇಷ್ಟು ಒಂದ ಥರ ಇರೂದಿಲ್ಲ.”

“ಒಂದ ನೀರು ಕುಡೀತೀವಿ, ಒಂದ ಹುಲ್ಲಿನ್ಯಾಗ ತಿರಗ್ತೀವ್ರಿ ಸಾಹೇಬ್ರ.”

“ಹಂಗಂತ ಮೈ ಒಂದಾಗ್ತೈತೇನ್ರಿ?”

ಈರವ್ವ ಪರದೆಯತ್ತ ನೋಡಿದಳೇ ಹೊರತು ಅವನ ಮುಖ ನೋಡಲಿಲ್ಲ. ಪಟ್ಟಿಗಳಿಗೆ ಹೊಸದಾಗಿ ಕಲಿಸಬೇಕೆಂದು ಅವನು ಹೇಳಿದ. ಈ ಬಿಸಿಲು ಒಂದು ಕಳೆಯಲಿ ಎಂದು ಆಕೆ ಬೇಡಿಕೊಂಡಳು. ದೀಪ ಕೆಂಪಾಗದೆ ತಂಡವನ್ನು ತಡೆಯುವ ಅಧಿಕಾರ ಅವನಿಗೂ ಇರಲಿಲ್ಲ. ಉಳಿದ ಮೂವತ್ತೊಂಬತ್ತು ತಂಡಗಳ ಗೆರೆಗಳು ಅವನನ್ನು ಕರೆಯುತ್ತಿದ್ದವು. ಮಳೆಗಾಲಕ್ಕೆ ನೋಡೋಣವೆಂದು ಒಂದು ಚೀಟಿ ಬರೆದು ಅಂಟಿಸಿದ. ತೌಫೀಕನ ಪಾಲಿನ ತಪ್ಪು ಆ ಚೀಟಿ ಎಂದು ಹೇಳುವವರೂ ಇದ್ದಾರೆ. ಅವನೇ ಮುಂದೆ ಹಾಗೆ ಒಪ್ಪಿಕೊಂಡದ್ದೂ ಉಂಟು.

ಮನೆಯಲ್ಲಿ ಮಲ್ಲವ್ವ ಬದಲಾಗುತ್ತಿದ್ದಳು. ಸಂಜೆ ರೊಟ್ಟಿ ಬಡಿಯುವಾಗ ಹಿಟ್ಟಿಗೆ ಎರಡು ಸಲ ಉಪ್ಪು ಹಾಕಿದಳು. ಮಗಳ ಹೆಸರು ಕರೆಯಲು ಹೋಗಿ ತಂಗಿಯ ಹೆಸರು ಕರೆದಳು.

“ತಲಿ ನೋಯ್ತೈತೇನ?” ಎಂದು ಈರವ್ವ ಕೇಳಿದಳು.

“ಇಲ್ಲ ಯಕ್ಕಾ. ಹಸರ ಐತಲ್ಲ, ದಿನಾ ಮೂರರ ತನಕಾ ಹಸರ.” ಮಲ್ಲವ್ವನ ದನಿಯಲ್ಲಿ ಎಳೆಯ ಸಂತೋಷವಿತ್ತು. “ಈ ಸಲ ನನ್ನ ಪಾಲು ಒಂದಿನಾನೂ ಅರ್ಧಕ್ಕ ನಿಂತಿಲ್ಲ.”

ಈರವ್ವ ಆಕೆಯ ತೋಳಿನ ಕಡೆ ನೋಡಿದಳು. ಪಟ್ಟಿ ಶೆಡ್ಡಿನಲ್ಲಿತ್ತು, ತೋಳಿನ ಮೇಲೆ ಅದರ ಗುರುತು ಮಾತ್ರ ಇತ್ತು. ಆ ದೀಪದ ಮಾತು ನಿಜವಲ್ಲವೆಂದು ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವಳು ಈರವ್ವ. ಆದರೂ ಆ ಬೇಸಿಗೆಯಲ್ಲಿ ಆಕೆ ಹೊಲದಲ್ಲಿ ನೋಡುತ್ತಿದ್ದಂತೆ ಜೊತೆಯವರ ಮುಖ, ತುಟಿ, ನಡಿಗೆ ನೋಡುವುದನ್ನು ಬಿಟ್ಟಿದ್ದಳು. ಸಾಲಿನ ತುದಿಗೆ ಬಂದು ತಿರುಗುವಾಗ ದೂರದಿಂದ ಐದು ಹಸಿರು ಮಣಿಗಳನ್ನು ಎಣಿಸುತ್ತಿದ್ದಳು. ಐದೂ ಹಸಿರಾಗಿದ್ದರೆ ಮನಸ್ಸು ಹಗುರಾಗುತ್ತಿತ್ತು.

ಅನಾಹುತ ನಡೆದದ್ದು ಯಾವ ವಾರವೆಂಬುದರಲ್ಲಿ ಮಾತು ಎರಡಾಗುತ್ತದೆ. ಊರಿನವರು ಮಂಗಳವಾರ ಎನ್ನುತ್ತಾರೆ. ಹುಲ್ಲಿನವರು ಗುರುವಾರ ಎನ್ನುತ್ತಾರೆ. ಏರಿಯ ಪಾಳಿ ಬರುತ್ತಿದ್ದದ್ದು ಗುರುವಾರವೇ ಆದ್ದರಿಂದ ಅವರ ಮಾತನ್ನು ನಂಬಬಹುದು. ಇಳಿಜಾರಿನಲ್ಲಿ ಮಷೀನನ್ನು ಯಾವಾಗಲೂ ಅಡ್ಡಡ್ಡಲಾಗಿ ನಡೆಸಬೇಕು. ಮೇಲಿನಿಂದ ಕೆಳಕ್ಕೆ ನಡೆಸಿದರೆ ಅದರ ಭಾರವೇ ಆಳನ್ನು ಎಳೆದೊಯ್ಯುತ್ತದೆ. ಕೆಳಗೆ ಕೆರೆಯ ಕಲ್ಲುಕಟ್ಟಣೆ. ಇದು ಹುಲ್ಲಿನವರು ಮೊದಲ ದಿನವೇ ಕಲಿಯುವ ಪಾಠ.

ಒಂದೂವರೆಯ ಸುಮಾರಿಗೆ ಈರವ್ವ ಸಾಲಿನ ತುದಿಯಲ್ಲಿ ತಿರುಗಿದಳು. ಮಲ್ಲವ್ವನ ಮಷೀನು ಕೆಳಮುಖವಾಗಿತ್ತು.

“ಮಲ್ಲೀ! ಅಡ್ಡ ಹೊಡಿ, ಅಡ್ಡ!”

ಕಿವಿಯಲ್ಲಿ ಬಿರಡೆಯಿದ್ದವಳಿಗೆ ಕೇಳುವಂತಿರಲಿಲ್ಲ. ಈರವ್ವ ಆಕೆಯ ತೋಳಿನ ಕಡೆ ಕಣ್ಣು ಹಾಯಿಸಿದಳು. ಹಸಿರು. ಆ ಹಸಿರು ಆಕೆಯನ್ನು ನಾಲ್ಕು ಉಸಿರಿನಷ್ಟು ಹೊತ್ತು ನಿಲ್ಲಿಸಿತು. ಆ ನಾಲ್ಕು ಉಸಿರಿನ ಲೆಕ್ಕವನ್ನು ಈರವ್ವ ಮುಂದೆ ಯಾರ ಮುಂದೆ ಹೇಳಿದರೂ ಬಿಡದೆ ಹೇಳುತ್ತಿದ್ದಳಂತೆ. ಬಳಿಕ ಮಲ್ಲವ್ವನ ಬೆನ್ನು ಕಾಣಿಸಿತು. ಉಳಿದವರ ಕುಪ್ಪಸಗಳು ಹಿಂಡಿದರೆ ನೀರಿಳಿಯುವಂತೆ ತೊಯ್ದಿದ್ದವು, ಮಲ್ಲವ್ವನದು ಒಣಗಿತ್ತು. ಬೆವರುವುದನ್ನೇ ಮೈ ಮರೆತಿತ್ತು.

ಈರವ್ವ ತನ್ನ ಮಷೀನನ್ನು ಬಿಟ್ಟು ಓಡಿದಳು. ಹದಿನೈದು ಹೆಜ್ಜೆಯ ದೂರ ಎಂಬ ನಿಯಮವನ್ನು ಆಕೆ ಮುರಿದದ್ದು ಅದೊಂದೇ ಸಲ. ಅಲಗಿನಿಂದ ಹಾರಿದ ಕಲ್ಲೊಂದು ಮೊಣಕಾಲ ಕಾಪಿಗೆ ಬಡಿದು ಸಿಡಿಯಿತು. ಕಟ್ಟಣೆಗೆ ಇನ್ನೊಂದು ಮಾರು ಇರುವಾಗ ಹಿಂದಿನಿಂದ ಮಲ್ಲವ್ವನ ತೋಳು ಹಿಡಿದು ಪಟ್ಟಿಯನ್ನು ಕಿತ್ತಳು. ಅಲಗು ನಿಂತಿತು. ಮಷೀನು ಮಾತ್ರ ಉರುಳುತ್ತ ಹೋಗಿ ಕೆರೆಗೆ ಬಿತ್ತು.

“ಯಕ್ಕಾ, ಬಿಡ, ರೊಟ್ಟಿ ಸೀಯಾಕತ್ತೇತಿ,” ಎಂದು ಮಲ್ಲವ್ವ ಕೈ ಕೊಸರಿಕೊಂಡಳು. ಆಕೆಯ ಕಣ್ಣು ಎಲ್ಲಿಯೂ ನೆಟ್ಟಿರಲಿಲ್ಲ. ಮರುಗಳಿಗೆ ಮಂಡಿ ಕುಸಿದು ಬಿದ್ದಳು.

ಹುಸೇನಬಿ ನಟ್ಟು ತಿರುಗಿಸುವ ಪಾನಾ ತಂದು ಹುಲ್ಲಿನ ಕೊಳವೆಯ ಬಾಯಿಯನ್ನೇ ಬಿಚ್ಚಿದಳು. ಚಿಮ್ಮಿದ ನೀರಿನಲ್ಲಿ ಮಲ್ಲವ್ವನನ್ನು ಮಲಗಿಸಿ, ಬೂಟು ಕಳಚಿ, ಕುತ್ತಿಗೆಗೂ ಕಂಕುಳಿಗೂ ಒದ್ದೆ ಸೆರಗು ಇಟ್ಟು, ಉಳಿದವರು ಟವೆಲಿನಿಂದ ಗಾಳಿ ಬೀಸಿದರು. ಬಾಯಿಗೆ ನೀರು ಹಾಕಲು ಹೋದವಳ ಕೈಯನ್ನು ಈರವ್ವ ತಡೆದಳು. ಎಚ್ಚರ ತಪ್ಪಿದವರಿಗೆ ಕುಡಿಸಿದ ನೀರು ಶ್ವಾಸಕ್ಕೆ ಹೋಗುತ್ತದೆ. ಆಸ್ಪತ್ರೆಯ ಗಾಡಿ ಬರಲು ಇಪ್ಪತ್ತೈದು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ಕಿತ್ತ ಪಟ್ಟಿ ಈರವ್ವನ ಮುಷ್ಟಿಯಲ್ಲಿತ್ತು.

ಮಲ್ಲವ್ವ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಬದುಕಿದಳು. ಹತ್ತು ನಿಮಿಷ ತಡವಾಗಿದ್ದರೆ ಬದುಕುತ್ತಿರಲಿಲ್ಲವೆಂದು ವೈದ್ಯರು ಹೇಳಿದರು.

ಆಕೆ ಎಚ್ಚರಗೊಂಡ ಮರುದಿನ ಈರವ್ವ ತಾನಾಗಿ ನಿಯಂತ್ರಣ ಕೊಠಡಿಗೆ ಹೋದಳು. ತೌಫೀಕನ ಪಕ್ಕದಲ್ಲಿ ಹುಲ್ಲಿನ ಇಲಾಖೆಯ ಮೇಲಧಿಕಾರಿಣಿ ಹಂಚಿನಾಳ ಬಾಯಾರು ಕುಳಿತಿದ್ದರು. ಪಟ್ಟಿಗಳನ್ನು ಹೇಗೆ ಬದಲಿಸಿದೆವೆಂಬುದನ್ನು ಈರವ್ವ ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಪಡಸಾಲೆಯಲ್ಲಿ ಪಟ್ಟಿ ಬದಲಿಸುವ ಮಾತು ಎತ್ತಿದವರು ಯಾರೆಂದು ಕೇಳಿದಾಗ ಹುಸೇನಬಿಯ ಹೆಸರು ತೆಗೆಯದೆ ತಾನೇ ಎಂದಳು.

“ಪಟ್ಟಿಗೆ ಮೋಸ ಮಾಡಿದ್ರ ಇಡೀ ತಂಡ ತಗೀಬೇಕಂತ ನಿಯಮ ಐತಿ, ಗೊತ್ತೈತಿಲ್ಲ?” ಎಂದರು ಬಾಯಾರು.

“ಗೊತ್ತೈತ್ರಿ.”

“ಮತ್ಯಾಕ ಮಾಡಿದ್ರಿ? ನಿಮ್ಮ ಜೀವಾ ಉಳಸಾಕ ಮಾಡಿದ ವಸ್ತು ಅದು.”

ಈರವ್ವ ಪರದೆಯ ಕಡೆ ಕೈ ತೋರಿಸಿದಳು. “ಬಾಯಾರ, ಕಾವು ಒಬ್ಬೊಬ್ಬರದು ಬ್ಯಾರೆ ಅಳದ್ರಿ. ಪಾಲು ಮಾತ್ರ ಎಲ್ಲಾರಿಗೂ ಒಂದ ಅಳತಿ ಕೊಟ್ರಿ. ತಾಳದಾಕಿ ಏನ್ ಮಾಡಬೇಕ್ರಿ? ಜಾಗಾ ತಂಡಕ್ಕ ಕೊಟ್ಟಿದ್ರ ನಾವು ಹುಲ್ಲು ಹಂಚ್ಕೋತಿದ್ವಿ. ಹುಲ್ಲು ಹಂಚ್ಕೊಳಾಕ ಬಿಡಲಿಲ್ಲ, ಮೈ ಹಂಚ್ಕೊಂಡ್ವಿ. ಮೈ ಹಂಚಾಕ ಬರಂಗಿಲ್ಲಂತ ನಮಗ ತಿಳೀಲಿಲ್ರಿ.”

ತೌಫೀಕ್ ಪರದೆಯ ಮೇಲೆ ಆ ದಿನದ ಗೆರೆಯನ್ನು ತೆರೆದ. ಮಲ್ಲವ್ವನ ಗೆರೆ ಒಂದೂವರೆ ಗಂಟೆಯ ಕಾಲ ಆಕೆಯ ಹಳೆಯ ಆಸ್ಪತ್ರೆ ಚೀಟಿಯ ಮಿತಿಯನ್ನು ದಾಟಿ ಓಡಿತ್ತು, ಎಲ್ಲರ ಕಣ್ಣೆದುರಿಗೆ, ಹಸಿರಾಗಿ. “ಬಾಯಾರ, ಇದು ನನ್ನ ಪರದೆ ಮ್ಯಾಲೂ ಇತ್ರಿ,” ಎಂದು ಅವನು ಮೆಲ್ಲಗೆ ಹೇಳಿದ. “ನಾನೂ ದೀಪಾನ ನೋಡಿದೆ.”

“ಇನ್ನೊಂದು ಮಾತ್ರೀ,” ಎಂದಳು ಈರವ್ವ. “ಮಷೀನು ಹಿಡಿದಾಕಿ ಕಣ್ಣು ಅಲಗಿನ ಮ್ಯಾಲ ಇರಬೇಕು, ಜೊತೀ ಮಂದಿ ಮುಖ ನೋಡಾಕ ಆಗಂಗಿಲ್ಲ. ತಂಡಕ್ಕ ಒಬ್ಬಾಕಿ ಮಷೀನು ಇಲ್ಲದಾಕಿ ಇರಬೇಕ್ರಿ. ಆಕೀ ಕೆಲಸ ಮುಖಾ ನೋಡೂದು. ಆಕಿ ನಿಲ್ಲಸ ಅಂದ್ರ ಎಲ್ಲಾ ಮಷೀನು ನಿಲ್ಲಬೇಕು, ದೀಪ ಏನರ ಅನ್ಲಿ.”

ಬಾಯಾರು ಲೆಕ್ಕ ಹಾಕಿಸಿದರು. ಆರು ಮಷೀನಿನ ಬದಲು ಐದು, ನಡುನಡುವೆ ನಿಲುಗಡೆ: ಏಳನೆಯ ವಾರ್ಡಿನ ಮಧ್ಯಾಹ್ನ ಮುಕ್ಕಾಲು ಡಿಗ್ರಿ ಏರುತ್ತದೆ. ಅವರು ಆ ಅಂಕಿಯನ್ನು ಬಹಳ ಹೊತ್ತು ನೋಡಿದರು.

“ನಮ್ಮ ಮನಿ ಅದ ವಾರ್ಡಿನ್ಯಾಗೈತಿ,” ಎಂದರು. “ನಮ್ಮ ಅತ್ತಿ ಮೊದಲ ದಿನಾನ ಫೋನ್ ಮಾಡ್ತಾರ ನೋಡು.”

ಕೊನೆಗೆ ತೀರ್ಮಾನವಾದದ್ದು ಇಷ್ಟು. ತಂಡ ಉಳಿಯಿತು. ಪಟ್ಟಿಗಳು ಹೊಸದಾಗಿ ಕಲಿತವು. ಶೆಡ್ಡಿನಲ್ಲಿ ಒಬ್ಬರು ನಿಂತು ಯಾರದು ಯಾರ ತೋಳಿಗೆಂದು ನೋಡುವಂತಾಯಿತು. ಪಾಲು ತಂಡಕ್ಕೆ ಸೇರಿತು. ಈರವ್ವನ ಮಷೀನಿನ ಪರವಾನಗಿಯನ್ನು ಶಿಕ್ಷೆಯೆಂದು ಕಸಿದುಕೊಂಡರು. ಮುಖ ನೋಡುವ ಕೆಲಸಕ್ಕೆ ಆಕೆಯನ್ನೇ ಹಾಕಿದರು. ಇದು ಶಿಕ್ಷೆಯೋ ನೇಮಕವೋ ಎಂದು ಊರಿನವರು ಇಂದಿಗೂ ವಾದಿಸುತ್ತಾರೆ. ಮಲ್ಲವ್ವ ಎರಡು ತಿಂಗಳ ಮೇಲೆ ಮರಳಿದಳು. ಹನ್ನೆರಡಕ್ಕೆ ಆಕೆಯ ದೀಪ ಕೆಂಪಾಗುತ್ತಿತ್ತು; ಆಮೇಲೆ ಆಕೆ ಬೇವಿನ ನೆರಳಲ್ಲಿ ಕುಳಿತು ಉಳಿದವರ ಅಲಗುಗಳಿಗೆ ಸಾಣೆ ಹಿಡಿಯುತ್ತಿದ್ದಳು. ಆಕೆಯ ಪಾಲಿನ ಹುಲ್ಲನ್ನು ಹುಸೇನಬಿ ಕತ್ತರಿಸುತ್ತಿದ್ದಳು.

ಬೇಸಿಗೆಯ ಕೊನೆಯ ವಾರ. ಈರವ್ವ ಕೈ ಬೀಸಿಕೊಂಡು ಐವರ ನಡುವೆ ನಡೆಯುತ್ತಿದ್ದಳು. ಇನ್ನೂ ಹನ್ನೊಂದೂವರೆ, ಎಲ್ಲ ದೀಪಗಳೂ ಹಸಿರು. ಹುಸೇನಬಿ ಎಂದಿನಂತೆ ಎಲ್ಲರಿಗಿಂತ ಮುಂದಿದ್ದಳು. ಈರವ್ವ ಆಕೆಯ ಎದುರಿಗೆ ಹೋಗಿ ನಿಂತಳು, ಒಂದಿಷ್ಟು ಹೊತ್ತು ನೋಡಿದಳು, ಬಳಿಕ ಎಲ್ಲ ಮಷೀನು ನಿಲ್ಲಿಸಲೆಂದು ಸೊಂಟಕ್ಕೆ ಕೊಟ್ಟಿದ್ದ ಗುಂಡಿಯನ್ನು ಒತ್ತಿದಳು. ಐದು ಮಷೀನುಗಳೂ ಒಟ್ಟಿಗೆ ನಿಂತವು.

“ಯಾಕ? ಯಾರಿಗೇನಾತು?” ಎಂದು ಹುಸೇನಬಿ ಕಿವಿಯ ಬಿರಡೆ ತೆಗೆದಳು.

“ನಿನಗ.”

“ನನಗೇನಾಗೇತಿ? ಹಸರ ಐತಿ, ನೋಡಿಲ್ಲಿ!” ತೋಳನ್ನು ಈರವ್ವನ ಮೂಗಿನ ತನಕ ಎತ್ತಿ ಹಿಡಿದಳು. “ಮಷೀನು ಹೋದ ಮ್ಯಾಲ ನಿನಗ ಭಾಳ ಯಜಮಾನಕಿ ಬಂದೈತಿ ಬಿಡು.”

“ಬಂದೈತಿ. ಕುಂದ್ರು ಈಗ.”

ಗೊಣಗುತ್ತ ಹುಸೇನಬಿ ನೆರಳಿಗೆ ಬಂದು ಕುಳಿತಳು. ಎಮ್ಮೆಗೂ ನೆರಳು ಬೇಕಾಯಿತೇ ಎಂದು ಉಳಿದವರು ನಗಾಡಿದರು. ಆಕೆಯೂ ತಿರುಗಿ ಒಂದು ಬೈದಳು. ಮಲ್ಲವ್ವ ತನ್ನ ಮಷೀನನ್ನು ಬಿಟ್ಟು ಬಂದು, ಲೋಟದ ತುಂಬ ಮಜ್ಜಿಗೆ ಹೊಯ್ದು ಆಕೆಯ ಮುಂದೆ ಹಿಡಿದಳು.

ಹುಸೇನಬಿ ಕೈ ಚಾಚಿದಳು. ಲೋಟದಿಂದ ಒಂದು ಗೇಣು ಆಚೆಗೆ, ಬರಿಯ ಗಾಳಿಯನ್ನು ಆಕೆಯ ಬೆರಳುಗಳು ಹಿಡಿದವು. ನಗು ನಿಂತಿತು. ಆಕೆ ತನ್ನ ಕೈಯನ್ನೇ ನೋಡಿದಳು. ಮಲ್ಲವ್ವ ಆ ಕೈಯನ್ನು ಹಿಡಿದು ತಂದು ಲೋಟದ ಸುತ್ತ ಇರಿಸಿ, ಆಕೆ ಕುಡಿದು ಮುಗಿಸುವವರೆಗೂ ತನ್ನ ಕೈಯನ್ನು ತೆಗೆಯಲಿಲ್ಲ.